ಹನ್ನೊಂದನೆಯ ಮೊಟ್ಟೆ

ಬಹಳ ಬಹಳ ಹಿಂದೆ, ಕೋಳಿ ಕೂಗಿದ ಮೇಲೆಯೇ ಬೆಳಗಾಗುತ್ತಿದ್ದ ಕಾಲದಲ್ಲಿ, ಮುಂಗೋಳಿಪುರ ಎಂಬ ಒಂದು ರಾಜ್ಯವಿತ್ತು. ದೊಡ್ಡ ರಾಜ್ಯವೇನಲ್ಲ. ರಾಜ ಬೆಳಿಗ್ಗೆ ಕುದುರೆ ಹತ್ತಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ರಾಜ್ಯವನ್ನು ಒಂದು ಸುತ್ತು ಹಾಕಿ ಬಂದುಬಿಡುತ್ತಿದ್ದ. ಆದರೆ ಅಲ್ಲಿಯ ಸುಖ ದೊಡ್ಡದಾಗಿತ್ತು. ಮನೆಮನೆಯ ಮೂಲೆಯಲ್ಲೂ ಒಂದು ಬಿದಿರಿನ ಕುಕ್ಕೆ, ಕುಕ್ಕೆಯಲ್ಲಿ ಭತ್ತದ ಹೊಟ್ಟು, ಹೊಟ್ಟಿನ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಕಾವಿಗೆ ಕೂತ ಹೇಂಟೆ. ಹತ್ತಿರ ಹೋದರೆ ಪುಕ್ಕ ಕೆದರಿ ಗುರ್ ಎನ್ನುತ್ತಿತ್ತು. ಮಕ್ಕಳು ಬೆರಳು ಮಡಚಿ ದಿನ ಎಣಿಸುತ್ತಿದ್ದರು. ಇಪ್ಪತ್ತೊಂದನೆಯ ದಿನ ಕುಕ್ಕೆಯೊಳಗಿಂದ ಚಿಂವ್ ಎಂದು ಕೇಳಿತೋ, ಅವತ್ತು ಆ ಮನೆಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ, ಮಾಡಿ ಎಂದು ಹೇಳುವವರೂ ಇರಲಿಲ್ಲ.

ಆ ರಾಜ್ಯದ ಪಡುವಣ ಗುಡ್ಡದ ಗವಿಯಲ್ಲಿ ಧೂಮ್ರಜಟ ಎಂಬ ಮಾಂತ್ರಿಕನಿದ್ದ. ಅವನಿಗೆ ಮುನ್ನೂರು ವರ್ಷ. ಸಾವೆಂದರೆ ಎಲ್ಲಿಲ್ಲದ ಹೆದರಿಕೆ. ಅದಕ್ಕೇ ತನ್ನ ಪ್ರಾಣವನ್ನು ಮೈಯಿಂದ ತೆಗೆದು ಬೇರೆ ಕಡೆ ಬಚ್ಚಿಡುತ್ತಿದ್ದ. ಹಕ್ಕಿಯೊಳಗೆ ಇಟ್ಟ, ಹಕ್ಕಿಯ ಮೇಲೆ ಬೆಕ್ಕು ಕಣ್ಣು ಹಾಕಿತು. ಮರದೊಳಗೆ ಇಟ್ಟ, ಮರಕ್ಕೆ ಗೆದ್ದಲು ಹತ್ತಿತು. ಕೊನೆಗೆ ಒಂದು ಭದ್ರವಾದ ಜಾಗ ಅವನ ಕಣ್ಣಿಗೆ ಬಿತ್ತು. ಮುಂಗೋಳಿಪುರದವರು ಗೂಡಿನಿಂದ ಮೊಟ್ಟೆ ತೆಗೆಯುವಾಗ ಒಂದನ್ನು ಮಾತ್ರ ಅಲ್ಲೇ ಬಿಡುತ್ತಿದ್ದರು. ಗೂಡು ಬರಿದಾದರೆ ಹೇಂಟೆ ಮುನಿಸಿಕೊಂಡು ಬೇಲಿಸಾಲಿನಲ್ಲೆಲ್ಲೋ ಮೊಟ್ಟೆಯಿಟ್ಟು ಬರುತ್ತದಲ್ಲ, ಅದಕ್ಕೆ. ಹಾಗೆ ಬಿಟ್ಟ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ, ಒಡೆಯುವುದಿಲ್ಲ. ಧೂಮ್ರಜಟ ಭಿಕ್ಷುಕನ ವೇಷದಲ್ಲಿ ಬಂದು, ಒಂದು ಮನೆಯ ಗೂಡಿನಲ್ಲಿ ಬಿಟ್ಟಿದ್ದ ಮೊಟ್ಟೆಯೊಳಕ್ಕೆ ತನ್ನ ಪ್ರಾಣವನ್ನು ಊದಿ ಹೋದ.

ಇನ್ನು ಉಳಿದದ್ದು ಒಂದೇ ಭಯ. ಹೇಂಟೆ ಕಾವಿಗೆ ಕೂತು ಮೊಟ್ಟೆ ಮರಿಯಾಗಿಬಿಟ್ಟರೆ? ಮರಿಯಾದದ್ದು ಬೆಳೆಯುತ್ತದೆ, ಬೆಳೆದದ್ದು ಒಂದು ದಿನ ಸಾಯುತ್ತದೆ. ಅವನು ಗುಡ್ಡದ ತುದಿಗೆ ಹೋಗಿ ಒಂದು ಹಿಡಿ ಬೂದಿಯನ್ನು ಗಾಳಿಗೆ ತೂರಿದ. ಅಂದಿನಿಂದ ರಾಜ್ಯದ ಅಷ್ಟೂ ಹೇಂಟೆಗಳಿಗೆ ಕಾವು ಮರೆತುಹೋಯಿತು. ಮೊಟ್ಟೆಯಿಟ್ಟವು, ಎದ್ದವು, ತಿರುಗಿ ನೋಡದೆ ಹೋದವು.

ಮೊದಮೊದಲು ಜನಕ್ಕೆ ಖುಷಿಯೋ ಖುಷಿ. ಕಾವಿಗೆ ಕೂರದ ಕೋಳಿ ದಿನವೂ ಮೊಟ್ಟೆಯಿಡುತ್ತದೆ. ರಾಜನಂತೂ ಮೊಟ್ಟೆಸಾರು ಉಂಡು ಉಂಡು ನಡುಪಟ್ಟಿಯನ್ನು ಎರಡು ಸಲ ಬದಲಾಯಿಸಿದ. ಆಮೇಲೆ ಕೋಳಿಗಳಿಗೆ ವಯಸ್ಸಾಯಿತು. ಹಳೆಯವು ಹೋದವು, ಹೊಸವು ಬರಲಿಲ್ಲ. ಏಳು ವರ್ಷ ಕಳೆಯುವಷ್ಟರಲ್ಲಿ ಇಡೀ ರಾಜ್ಯದಲ್ಲಿ ಉಳಿದದ್ದು ಕೆಂಪಿ ಎಂಬ ಒಂದು ಹೇಂಟೆ ಮತ್ತು ಒಂದು ಕುಂಟು ಹುಂಜ. ಎರಡೂ ಇದ್ದದ್ದು ಚಿಕ್ಕತಾಯಿಯ ಮನೆಯಲ್ಲಿ. ಮಾಂತ್ರಿಕನ ಪ್ರಾಣವಿದ್ದ ಮೊಟ್ಟೆಯೂ ಅದೇ ಮನೆಯ ಗೂಡಿನಲ್ಲಿತ್ತು.

ಈ ಚಿಕ್ಕತಾಯಿ ಬಡಗಿಯ ಮಗಳು, ಬಡಗಿಯ ಹೆಂಡತಿ. ಗಂಡ ತೀರಿಹೋದ ಮೇಲೆ ಉಳಿ ಬಾಚಿ ಹಿಡಿದು ತಾನೇ ಮರಗೆಲಸ ಮಾಡುತ್ತಿದ್ದಳು. ಮನೆಯಲ್ಲಿ ಅವಳ ಜೊತೆಗೆ ಅತ್ತೆ ನಿಂಗಾಜಮ್ಮ. ಎಂಬತ್ತು ವರ್ಷ, ಹಲ್ಲು ಮೂರು, ಮಾತು ಮಾತ್ರ ಮುನ್ನೂರು. ಕೆಂಪಿ ಆ ವರ್ಷ ಹತ್ತು ಮೊಟ್ಟೆಯಿಟ್ಟು ನಿಲ್ಲಿಸಿಬಿಟ್ಟಾಗ ಮುದುಕಿ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತಳು.

"ಇವೇ ಕೊನೇವು ಕಣೆ. ಸಾಯೋದ್ರೊಳಗೆ ಒಂದು ಸಲ ಮರಿ ಸದ್ದು ಕೇಳ್ಬೇಕು ಅಂತ ಆಸೆ ಇತ್ತು."

"ಅಳಬ್ಯಾಡಿ ಅತ್ತೆಮ್ಮ. ಕಾವು ಅಂದ್ರೆ ಬಿಸಿ ತಾನೆ? ಒಂದು ಪೆಟ್ಟಿಗೆ ಮಾಡಿ ಬಿಸಿ ತುಂಬುಸ್ತೀನಿ."

"ಬಿಸಿ ಒಂದೇ ಸಾಕು ಅಂದ್ಕೊಂಡ್ಯಾ? ಕೋಳಿ ದಿನಕ್ಕೆ ಮೂರು ಸಲ ಮೊಟ್ಟೆ ಮಗುಚಿ ಹಾಕ್ತದೆ. ಮೈ ಹಸಿ ತಾಗುಸ್ತದೆ. ಕೊನೆಕೊನೆಗೆ ಲೊಕ್ ಲೊಕ್ ಅಂತ ಮೊಟ್ಟೆನ ಮಾತಾಡುಸ್ತದೆ."

"ಮೊಟ್ಟೆನ ಯಾರಾದ್ರೂ ಮಾತಾಡುಸ್ತಾರಾ!"

"ನಿನ್ನ ಮಾತಾಡ್ಸೋದಕ್ಕಿಂತ ವಾಸಿ. ಎದುರು ಮಾತಾಡಲ್ಲ."

ಚಿಕ್ಕತಾಯಿ ಹಲಸಿನ ಹಲಗೆ ಕೊಯ್ದು ಮೊಣಕೈಯುದ್ದದ ಒಂದು ಪೆಟ್ಟಿಗೆ ಮಾಡಿದಳು. ಕೆಳಗಿನ ಅರೆಯಲ್ಲಿ ಹರಳೆಣ್ಣೆಯ ದೀಪ. ಅದರ ಮೇಲೆ ತಗಡು, ತಗಡಿನ ಮೇಲೆ ಮರಳು, ಮರಳಿನ ಮೇಲೆ ಹತ್ತಿ. ಮೂಲೆಯಲ್ಲಿ ಒಂದು ಬಟ್ಟಲು ನೀರು. ಮುಚ್ಚಳಕ್ಕೆ, ತೆರೆಯದೆಯೇ ಒಳಗಿನದು ಕಾಣಲೆಂದು, ಅಭ್ರಕದ ಒಂದು ಕಿಂಡಿ. ನಿಂಗಾಜಮ್ಮ ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಿನ ಗುರುತು ಹಾಕಿದಳು, ಮಗುಚಿದ್ದು ಯಾವುದು ಮಗುಚದ್ದು ಯಾವುದು ತಿಳಿಯಲೆಂದು. ಬಿಸಿ ಸರಿಯಾಗಿದೆಯೋ ಎಂದು ನೋಡಲು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸುವುದನ್ನು ಕಲಿಸಿದಳು. ಸುಡಲೂಬಾರದು, ತಣ್ಣಗೂ ಇರಬಾರದು. ಎಲ್ಲ ಇಟ್ಟಾದ ಮೇಲೆ ಎಣಿಸಿ ನೋಡಿ ಹೌಹಾರಿದಳು.

"ಹತ್ತು! ಸಮಸಂಖ್ಯೆ ಮಡಗಿದ್ರೆ ಒಂದೂ ಆಗಾಕಿಲ್ಲ. ಗೂಡಲ್ಲಿ ಬಿಟ್ಟಿರೋದನ್ನೂ ತತ್ತಾ."

"ಅದಕ್ಕೆ ಏಳು ವರ್ಷ ಆಯ್ತಲ್ಲ ಅತ್ತೆಮ್ಮ, ಕೊಳೆತಿರ್ತದೆ."

"ಮೂಸಿ ನೋಡು, ನಾರ್ತೈತಾ? ಇಲ್ವಲ್ಲ. ಮಡಗು."

ಹೀಗೆ ಹನ್ನೊಂದನೆಯ ಮೊಟ್ಟೆ ಪೆಟ್ಟಿಗೆ ಸೇರಿತು. ಗುಡ್ಡದ ಗವಿಯಲ್ಲಿ ಧೂಮ್ರಜಟನಿಗೆ ಏಳು ವರ್ಷದಲ್ಲಿ ಮೊದಲ ಸಲ ಮೈ ಬೆಚ್ಚಗಾಯಿತು. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಏಳನೆಯ ದಿನ ಇಬ್ಬರೂ ಕದ ಮುಚ್ಚಿ, ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲಕೋಲಿಗೆ ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಹತ್ತರಲ್ಲೂ ಕೆಂಪು ನರಗಳ ಬಲೆ, ನಡುವೆ ಮಿಡಿಯುವ ಒಂದು ಚುಕ್ಕೆ. ಹನ್ನೊಂದನೆಯದರಲ್ಲೂ ನರಗಳಿದ್ದವು, ಚುಕ್ಕೆ ಮಿಡಿಯುತ್ತಿತ್ತು. ಆದರೆ ಅದರ ಪಕ್ಕದಲ್ಲಿ ಉಗುರಿನಷ್ಟು ಪುಟ್ಟ ಮುಖವಿತ್ತು. ಜಡೆಗಟ್ಟಿದ ಕೂದಲು, ಮುಚ್ಚಿದ ಕಣ್ಣು. ಧೂಮ್ರಜಟನ ಮುಖ.

ಗುಡ್ಡದ ಮಾಂತ್ರಿಕನ ಮುಖ ಊರಲ್ಲಿ ಯಾರಿಗೆ ಗೊತ್ತಿಲ್ಲ? ಹೇಂಟೆಗಳಿಗೆ ಕಾವು ಮರೆಸಿದ್ದು ಯಾರು, ಯಾಕೆ ಎಂಬುದೆಲ್ಲ ಚಿಕ್ಕತಾಯಿಗೆ ಅರ್ಥವಾಯಿತು. ಕೋಪ ನೆತ್ತಿಗೇರಿ, ಮೊಟ್ಟೆಯನ್ನು ನೆಲಕ್ಕೆ ಅಪ್ಪಳಿಸಲು ಕೈಯೆತ್ತಿದಳು. ನಿಂಗಾಜಮ್ಮ ಆ ಕೈಯನ್ನು ಹಿಡಿದುಕೊಂಡಳು.

"ಒಡೀಬ್ಯಾಡ. ಹತ್ತಾಗಿಬಿಡ್ತದೆ."

"ಇವನೇ ಕಣ್ರೀ ನಮ್ಮ ಕೋಳಿ ಕುಲಾನೆಲ್ಲ ತಿಂದೋನು!"

"ಅವನು ಗುಡ್ಡದಲ್ಲವ್ನೆ. ಇದು ನಮ್ಮ ಮನೇಲಿ ಕಾವಿಗೆ ಮಡಗಿರೋ ಮೊಟ್ಟೆ. ಜೀವ ಆಡ್ತಾ ಐತೆ, ನೋಡು. ಕಾವಿಗೆ ಮಡಗಿದ ಮೇಲೆ ಜೀವ ಇರೋದನ್ನ ನಮ್ಮಲ್ಲಿ ಯಾರೂ ಒಡೆದಿಲ್ಲ."

ಸಮಸಂಖ್ಯೆ ಬರೀ ನೆಪ, ಇದೇ ನಿಜವಾದ ಮಾತು. ಚಿಕ್ಕತಾಯಿ ಗೊಣಗುತ್ತಲೇ ಮೊಟ್ಟೆಯನ್ನು ಒಳಗಿಟ್ಟಳು. ಈ ಗುಟ್ಟು ಮನೆಯೊಳಗೇ ಉಳಿಯಬೇಕಿತ್ತು. ಆದರೆ ನಿಂಗಾಜಮ್ಮ ಬಾವಿಕಟ್ಟೆಯಲ್ಲಿ ಒಬ್ಬಳಿಗೆ, ಒಬ್ಬಳಿಗೇ, ಹೇಳಿದಳು. ಸಂಜೆಯೊಳಗೆ ಅರಮನೆಗೂ ಗೊತ್ತಾಯಿತು, ಗವಿಗೂ ಗೊತ್ತಾಯಿತು.

ಧೂಮ್ರಜಟ ನಡುಗಿಹೋದ. ತೆಗೆದಿಟ್ಟ ಪ್ರಾಣವನ್ನು ಅವನು ತನ್ನ ಕೈಯಿಂದ ಮುಟ್ಟುವಂತಿಲ್ಲ, ಮುಟ್ಟಿದರೆ ಅದು ಮೈಗೆ ಸೇರಿ ಅವನೂ ಎಲ್ಲರಂತೆ ಸಾಯುವವನಾಗಿಬಿಡುತ್ತಾನೆ. ಕಾವನ್ನೇ ಕೆಡಿಸಬೇಕು, ಆಗ ಉಳಿದ ಮರಿಗಳು ಸತ್ತರೂ ಅವನ ಪ್ರಾಣ ತಣ್ಣಗಾದ ಮೊಟ್ಟೆಯಲ್ಲಿ ಮೊದಲಿನಂತೆ ಮಲಗಿರುತ್ತದೆ. ಅದಕ್ಕೆ ಅವನು ಮೊದಲು ಗಾಳಿತೋಳವನ್ನು ಕಳಿಸಿದ. ಅದು ಬಂದು ಒಮ್ಮೆ ಉಸಿರು ಬಿಟ್ಟಿತು. ಪೆಟ್ಟಿಗೆಯ ದೀಪ ಆರಿತು. ಊರಿನ ಒಲೆಗಳೆಲ್ಲ ಆರಿದವು, ಬೂದಿಯ ಕೆಳಗಿನ ಕೆಂಡವೂ ಆರಿತು. ಅತ್ತೆ ಸೊಸೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಆರು ಮೊಟ್ಟೆ ಸೊಸೆಯ ಮಡಿಲಿಗೆ, ಐದು ಅತ್ತೆಯ ಮಡಿಲಿಗೆ. ಸೆರಗು ಬಿಗಿದು, ಕಂಬಳಿ ಹೊದ್ದು ಕೂತರು. ಎರಡು ಹಗಲು ಎರಡು ರಾತ್ರಿ ಹಾಗೇ ಕೂತಿದ್ದರು. ಜನ್ಮದಲ್ಲೇ ಒಂದು ಕಡೆ ಕೂತವಳಲ್ಲ ನಿಂಗಾಜಮ್ಮ, ಕಾಲು ಜೋಮು ಹಿಡಿದು ಮಾಂತ್ರಿಕನ ಏಳು ತಲೆಮಾರನ್ನು ಬೈದಳು. ಅವನ ಪ್ರಾಣ ಮಾತ್ರ ಅವಳ ಹೊಟ್ಟೆಗಂಟಿ ಬೆಚ್ಚಗೆ ಮಲಗಿತ್ತು. ಮೂರನೆಯ ದಿನ ತೋಳ ಊದಿ ಊದಿ ಬಸವಳಿದು ಮಂಜಿನಂತೆ ಕರಗಿಹೋಯಿತು.

ಎರಡನೆಯ ಸಲ ಗುಡುಗುಕೋಣ ಬಂತು. ಗುಡುಗು ಬಡಿದ ಮೊಟ್ಟೆ ಮರಿಯಾಗುವುದಿಲ್ಲವೆಂದು ಹಳಬರಿಗೆಲ್ಲ ಗೊತ್ತು. ಅದಕ್ಕೇ ನಿಂಗಾಜಮ್ಮ ಮೊದಲ ದಿನವೇ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಕಬ್ಬಿಣದ ಮೊಳೆ ಇಟ್ಟಿದ್ದಳು. ಕೋಣ ಮೋಡವನ್ನು ಒದೆಯಿತು. ಗುಡುಗು ಇಳಿದು ಬಂದು ಮೊಳೆಯೊಳಗೆ ಹೊಕ್ಕಿತು. ಮೊಳೆ ಕಾದು ಕೆಂಪಾಯಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮೊಟ್ಟೆಗಳು ಬೆಂದೇ ಹೋಗುತ್ತಿದ್ದವು. ಚಿಕ್ಕತಾಯಿ ಇಕ್ಕಳದಿಂದ ಮೊಳೆ ಎತ್ತಿ ನೀರಿನ ಬಟ್ಟಲಿಗೆ ಹಾಕಿದಳು. ಸುಂಯ್ ಎಂದು ಹಬೆ ಎದ್ದು ಪೆಟ್ಟಿಗೆಯೆಲ್ಲ ಹಸಿಯಾಯಿತು. ಗುಡುಗು ಕಳೆದುಕೊಂಡ ಕೋಣ ನಾಚಿ, ಕೆರೆಯ ಕಡೆಗೆ ಮೇಯಲು ಹೋಯಿತು.

ಹದಿನೆಂಟನೆಯ ದಿನ ನಿಂಗಾಜಮ್ಮ ಹೇಳಿದಳು: "ಇನ್ನು ಮಗುಚೋದೂ ಇಲ್ಲ, ಮುಚ್ಚಳ ತೆಗೆಯೋದೂ ಇಲ್ಲ. ಈಗ ಗಾಳಿ ಹೊಕ್ರೆ ಒಳಪೊರೆ ಒಣಗಿ ಮರಿ ಮೈಗೆ ಅಂಟ್ಕೋತದೆ, ಉಸುರುಕಟ್ಟಿ ಸಾಯ್ತವೆ. ಏನೇ ಆಗಲಿ, ತೆಗೀಕೂಡ್ದು." ಅಂದಿನಿಂದ ಮುದುಕಿ ಪೆಟ್ಟಿಗೆಗೆ ಬಾಯಿ ಹಚ್ಚಿ ಲೊಕ್ ಲೊಕ್ ಲೊಕ್ ಎಂದು ಕರೆಯತೊಡಗಿದಳು. ಏಳು ವರ್ಷದಿಂದ ಆ ಮನೆಯಲ್ಲಿ ಆ ಸದ್ದು ಇರಲಿಲ್ಲ. ಚಿಕ್ಕತಾಯಿ ಮೊದಲು ನಕ್ಕಳು, ಆಮೇಲೆ ಅವಳ ಕಣ್ಣು ತುಂಬಿಬಂತು.

ಇಪ್ಪತ್ತೊಂದನೆಯ ಬೆಳಿಗ್ಗೆ ಒಳಗಿಂದ ಚಿಂವ್ ಎಂದಿತು. ಎರಡು ವಾರ ಹಿಂದೆಮುಂದೆ ನೋಡಿದ್ದ ರಾಜ ಅದೇ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಕತ್ತಿ.

"ಪೆಟ್ಟಿಗೆ ತೆರೆ, ಚಿಕ್ಕತಾಯಿ. ಆ ದುಷ್ಟನ ಮೊಟ್ಟೆಯನ್ನು ಈಗಲೇ ಒಡೆಯುತ್ತೇನೆ."

ಅವನ ಹಿಂದೆಯೇ ಹೊಗೆಯಾಗಿ ಬಂದು ಧೂಮ್ರಜಟ ನಿಂತ. "ಪೆಟ್ಟಿಗೆ ತೆರೆ, ಹೆಂಗಸೇ. ಆ ಮೊಟ್ಟೆಯನ್ನು ಹೊರಗಿನ ತಂಪಿಗೆ ಇಡು."

ಕೊಲ್ಲುವವನಿಗೂ ತೆರೆಯಬೇಕು, ಉಳಿಯುವವನಿಗೂ ತೆರೆಯಬೇಕು! ಚಿಕ್ಕತಾಯಿ ಪೆಟ್ಟಿಗೆಯ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ತೆಗೆಯಾಕಿಲ್ಲ ಬುದ್ಧಿ. ತೆಗೆದ್ರೆ ಹತ್ತೂ ಸಾಯ್ತವೆ. ಆಮೇಲೆ ಈ ರಾಜ್ಯದಲ್ಲಿ ಕೋಳಿ ಅನ್ನೋದೇ ಇರಾಕಿಲ್ಲ."

ಒಳಗೆ ಮತ್ತೆ ಚಿಂವ್ ಎಂದಿತು. ರಾಜನ ಕತ್ತಿ ತಾನಾಗಿ ಕೆಳಗಿಳಿಯಿತು. ಚಿಕ್ಕಂದಿನಲ್ಲಿ ಅವನು ಒಂದು ಹಳದಿ ಮರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮಧ್ಯಾಹ್ನವೆಲ್ಲ ಅಲ್ಲಾಡದೆ ಕೂತಿರುತ್ತಿದ್ದ. ಅದು ಅವನಿಗೆ ಮರೆತೇಹೋಗಿತ್ತು.

ಧೂಮ್ರಜಟ ಮಾತ್ರ ನಿಂಗಾಜಮ್ಮನ ಕಡೆಗೆ ಬೆರಳು ತೋರಿಸಿದ. ಮುದುಕಿಯ ಪಾದ ಕಲ್ಲಾಯಿತು. "ತೆರೆ. ಇಲ್ಲದಿದ್ದರೆ ನಿನ್ನ ಅತ್ತೆ ಅಡಿಯಿಂದ ಮುಡಿಯವರೆಗೆ ಕಲ್ಲಾಗುತ್ತಾಳೆ."

ಮೊಣಕಾಲು ಕಲ್ಲಾಯಿತು. ಸೊಂಟ ಕಲ್ಲಾಯಿತು. ಮುದುಕಿ ಕರೆಯುವುದನ್ನು ನಿಲ್ಲಿಸಲಿಲ್ಲ. ಲೊಕ್ ಲೊಕ್ ಲೊಕ್. ಚಿಕ್ಕತಾಯಿ ಕೆಳಗಿಳಿದು ಮುಚ್ಚಳಕ್ಕೆ ಕೈ ಹಾಕಿದಳು.

"ತೆಗೆದುಬಿಡ್ತೀನಿ ಅತ್ತೆಮ್ಮ! ನನ್ನ ಕೈಲಿ ನೋಡಾಕಾಗಲ್ಲ!"

"ತೆಗೆದೀಯ, ಜೋಕೆ! ನಾನು ಎಂಬತ್ತು ವರ್ಷ ಬೆಳಕು ಕಂಡಿವ್ನಿ. ಅವು ಇನ್ನೂ ಕಂಡಿಲ್ಲ. ನಾನು ನಿಲ್ಲಿಸಿದ್ಮೇಲೆ ನೀನು ಕರೆಯೇ. ಎಲ್ಲಾನೂ ಕರೀಬೇಕು, ಹನ್ನೊಂದನ್ನೂ..."

ಮಾತು ಅಲ್ಲಿಗೇ ನಿಂತಿತು. ಗಂಟಲು ಕಲ್ಲಾಗಿತ್ತು.

ಚಿಕ್ಕತಾಯಿ ಅಳುತ್ತಲೇ ಪೆಟ್ಟಿಗೆಗೆ ಬಾಯಿ ಹಚ್ಚಿ ಕರೆದಳು. ಕೆಟ್ಟ ದನಿ, ಕೋಳಿಯದೂ ಅಲ್ಲ, ಮನುಷ್ಯರದೂ ಅಲ್ಲ. ಆದರೂ ಮೊಟ್ಟೆಗಳು ಓಗೊಟ್ಟವು. ಒಂದು ಬಿರಿಯಿತು, ಎರಡು ಬಿರಿದವು, ಹತ್ತೂ ಬಿರಿದವು. ಹನ್ನೊಂದನೆಯದರಲ್ಲಿ ಎಳ್ಳುಕಾಳಿನಷ್ಟು ತೂತು ಬಿದ್ದು ಹಾಗೇ ನಿಂತಿತು. ಚಿಪ್ಪು ಒಡೆದ ಮೇಲೆ ಪ್ರಾಣ ಹಿಂದಿನಂತೆ ಮಲಗುವಂತಿಲ್ಲ, ಹೊರಗೂ ಬರಲಿಲ್ಲ. ಧೂಮ್ರಜಟ ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದ.

"ಸುಮ್ಮನಿರು, ಚಿಕ್ಕತಾಯಿ," ಎಂದ ರಾಜ. "ಕರೆಯಬೇಡ. ಅದು ಒಳಗೇ ಸಾಯಲಿ."

ಚಿಕ್ಕತಾಯಿ ಕಲ್ಲಾದ ಅತ್ತೆಯ ಮುಖ ನೋಡಿದಳು. ನೆಲದ ಮೇಲೆ ಬಿದ್ದವನನ್ನು ನೋಡಿದಳು. ಅವನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಅತ್ತೆ ಹನ್ನೊಂದನ್ನೂ ಎಂದಿದ್ದಳು. ಅವಳು ಮತ್ತೆ ಬಗ್ಗಿದಳು. ಲೊಕ್ ಲೊಕ್ ಲೊಕ್. ಬಾ ಕಂದ, ಬಾ.

ನೆಲದ ಮೇಲೆ ಬಿದ್ದಿದ್ದ ಧೂಮ್ರಜಟ ಕಣ್ಣು ತೆರೆದ. "ನನ್ನವ್ವ," ಎಂದ. "ನನ್ನವ್ವ ಹಿಂಗೇ ಕರೀತಿದ್ಲು. ಉಣ್ಣಾಕೆ ಬಾರೋ ಅಂತ." ಮುನ್ನೂರು ವರ್ಷದಲ್ಲಿ ಅವನಿಗೆ ತಾಯಿ ನೆನಪಾದದ್ದು ಅದೇ ಮೊದಲು.

ಹನ್ನೊಂದನೆಯ ಮೊಟ್ಟೆ ಬಿರಿಯಿತು. ಹೊಗೆಬಣ್ಣದ ಒಂದು ಒದ್ದೆ ಮರಿ ಹೊರಗೆ ಬಂದು ಚಿಂವ್ ಎಂದಿತು. ಆ ಸದ್ದಿಗೆ ಮಾಂತ್ರಿಕನ ಜಡೆ ಉದುರಿತು, ಮಂತ್ರಗಳೆಲ್ಲ ಮರೆತುಹೋದವು, ಬಕ್ಕತಲೆಯ ಒಬ್ಬ ಮುದುಕ ಅಲ್ಲಿ ಕೂತಿದ್ದ. ನಿಂಗಾಜಮ್ಮನ ಗಂಟಲಿನಿಂದ ಪಾದದವರೆಗೆ ಕಲ್ಲು ಕರಗಿತು. ಬಾಯಿ ಬಂದದ್ದೇ ತಡ, "ಏನು ದನಿಯೇ ಅದು, ಕಾಗೆ ಕೂಗಿದಂಗೆ!" ಎಂದು ಸೊಸೆಯನ್ನು ಬೈದು, ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮರಿಗಳ ಪುಕ್ಕ ಆರಿ ಮುಚ್ಚಳ ತೆಗೆದಾಗ, ಹಿತ್ತಲಿನಿಂದ ಕೆಂಪಿ ಓಡಿ ಬಂತು. ಮರೆತದ್ದು ಅದಕ್ಕೂ ನೆನಪಾಗಿತ್ತು. ರೆಕ್ಕೆ ಹರಡಿ ಹನ್ನೊಂದನ್ನೂ ಅಡಿಗೆ ಎಳೆದುಕೊಂಡು ಗುರ್ ಎಂದಿತು.

ರಾಜ ಮುದುಕನ ತಲೆ ತೆಗೆಯಿಸಬೇಕೆಂದ. ನಿಂಗಾಜಮ್ಮ ಬಿಡಲಿಲ್ಲ. "ತಲೆ ತಕ್ಕೊಂಡು ಏನ್ ಮಾಡೀರಿ ಬುದ್ಧಿ? ನಮಗೆ ಹದ್ದು ಓಡ್ಸಾಕೆ ಆಳಿಲ್ಲ, ಇಲ್ಲಿ ಬಿಡಿ." ಹಾಗೆ ಅವನು ಅಲ್ಲೇ ಉಳಿದ. ಅವನ ಪ್ರಾಣ ಈಗ ಅಂಗಳದಲ್ಲಿ ಎರಡು ಕಾಲಿನ ಮೇಲೆ ಓಡಾಡುತ್ತಿತ್ತು. ಹದ್ದಿನ ನೆರಳು ಬಿದ್ದರೆ ಕೋಲು ಹಿಡಿದು ಎದ್ದುಬಿದ್ದು ಓಡುತ್ತಿದ್ದ, ಊರಿನ ಮಕ್ಕಳು ನಕ್ಕು ನಕ್ಕು ಸಾಕಾಗುತ್ತಿದ್ದರು.

ಮರಿಗಳು ಕೋಳಿಗಳಾದವು, ಅವಕ್ಕೆ ಮರಿಗಳಾದವು. ಮನೆಗೊಂದು ಕುಕ್ಕೆ ಬಂತು, ಮುಂಗೋಳಿಪುರದವರೆಲ್ಲ ಉಂಡುಟ್ಟು ಸುಖವಾಗಿದ್ದರು. ಹೊಗೆಬಣ್ಣದ ಮರಿ ದೊಡ್ಡ ಹುಂಜವಾಗಿ ಏಳು ವರ್ಷ ಊರನ್ನು ಎಬ್ಬಿಸಿತು. ಆಮೇಲೆ ಅದರ ದನಿ ಒಡೆಯಿತು, ನಡಿಗೆ ನಿಧಾನವಾಯಿತು. ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದ ಮುದುಕನನ್ನು ಚಿಕ್ಕತಾಯಿ ಕೇಳಿದಳು:

"ಹುಂಜಕ್ಕೆ ವಯಸ್ಸಾಯ್ತು ಕಣಣ್ಣ. ನಿಂಗೆ ಭಯ ಆಗಲ್ವಾ?"

"ಆಯ್ತದೆ ಕಣವ್ವ," ಎಂದ ಅವನು. "ಆದ್ರೆ ಮುನ್ನೂರು ವರ್ಷ ಬದುಕಿದ್ನಲ್ಲ, ಅದ್ರಲ್ಲಿ ಒಂದು ಬೆಳಗೂ ನೆನಪಿಲ್ಲ. ಈ ಏಳು ವರ್ಷದಲ್ಲಿ ಒಂದೂ ಮರ್ತಿಲ್ಲ."

ಹಾಗೆಂದು, ಹುಂಜಕ್ಕೆ ರಾಗಿ ಹಾಕಲು ಎದ್ದು ಹೋದ.