ಕರೆದರೂ ನಿಲ್ಲದ ಗಾಡಿ

ನನ್ನ ಕುತ್ತಿಗೆಯ ಮೇಲೆ ಚಾಕು!

ಉಳ್ಳಾಗಡ್ಡಿ ಹೆಚ್ಚುವ ಚಾಕು. ಹಿಡಿದವಳು ನಾನು ಹುಡುಕಿ ಬಂದ ಹುಡುಗಿ. ರೂಢಿಯಿದ್ದ ಕೈಗಿಂತ ರೂಢಿಯಿಲ್ಲದ ಕೈ ಡೇಂಜರ್, ತಿಳಿದುಕೊಳ್ಳಿ.

"ಅಣ್ಣ ಕಳಿಸ್ಯಾನೇನು?" ಮೈತ್ರೇಯಿ ಕೇಳಿದಳು.

"ಹೌದ್ರಿ. ನಿಮ್ಮ ಆಯಿಗೆ ಸೀರಿಯಸ್ ಐತಂತ. ಒಮ್ಮೆ ನೋಡಿ ಬರ್ರಿ."

"ನಮ್ಮ ಆಯಿ ಸತ್ತು ಎರಡು ವರ್ಷ ಆತು!"

ಅಂದರೆ ನನಗೆ ಹೇಳಿದ್ದು ಹಸಿ ಸುಳ್ಳು!

ಇವಳ ಅಣ್ಣ, ಹುಬ್ಬಳ್ಳಿಯ ವಕೀಲ ವಿಕ್ರಮ, ನಿನ್ನೆ ನನ್ನ ಆಫೀಸಿನಲ್ಲಿ ಕೂತು ಕಣ್ಣು ಒರೆಸಿಕೊಂಡಿದ್ದ. ತಂಗಿ ಕ್ಯಾರಾವಾನ್ ಡ್ರೈವರ್ ಭೀಮೇಶನ ಜೊತೆ ಓಡಿಹೋಗಿದ್ದಾಳೆ, ತಾಯಿ ಹಾಸಿಗೆ ಹಿಡಿದಿದ್ದಾಳೆ, ಹುಡುಕಿಕೊಡಿ ಅಂದ. ಕಾಣೆಯಾದವರನ್ನು ಹುಡುಕುವುದೇ ನನ್ನ ದಂಧೆ. ನಂಬಿಬಿಟ್ಟೆ!

ಲಾಡ್ಜಿನಲ್ಲಿ ಆಧಾರ್ ಕೇಳುತ್ತಾರೆ, ಒಂದೇ ಫೋನಿಗೆ ಜನ ಸಿಗುತ್ತಾರೆ. ಇವರ ಲಾಡ್ಜಿಗೆ ಚಕ್ರವಿತ್ತು! ಹಾಸಿಗೆ, ಒಲೆ ಎಲ್ಲ ಒಳಗೇ. ನವಲಗುಂದದಿಂದ ಹೊರಟು, ಹುಬ್ಬಳ್ಳಿ ತಪ್ಪಿಸಿ ಸುತ್ತು ಹಾಕುತ್ತಿದ್ದರು.

ಆದರೆ ಇವತ್ತು ಎಳ್ಳಮಾವಾಸ್ಯೆ. ಚಳಿಯಲ್ಲೂ ಊರಿಗೆ ಊರೇ ಹೊಲದಲ್ಲಿ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಅಲ್ಲೇ ಕೂತು ಉಣ್ಣುತ್ತಾರೆ. ರಸ್ತೆಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ.

ತಿರ್ಲಾಪುರದ ರೈತ ಹೊಳಬಸಪ್ಪ ಸಿಟ್ಟಿನಲ್ಲಿದ್ದ. "ಒಂದ ಬಿಳೀ ಗಾಡಿ ಬಂದಿತ್ರಿ. ಊಟಕ್ಕ ಬರ್ರಿ ಅಂತ ಕೈ ಮಾಡಿದ್ರ ನಿಲ್ಲಲಿಲ್ಲ. ಎಂಥಾ ಸೊಕ್ಕಿನ ಮಂದಿ!"

ಅಣ್ಣಿಗೇರಿಯಲ್ಲೂ ಅದೇ ಬೈಗುಳ. ಕುಂದಗೋಳದಲ್ಲೂ ಅದೇ. ಉಂಡು ಹೋದವರನ್ನು ಯಾರೂ ನೆನಪಿಡುವುದಿಲ್ಲ. ಉಣ್ಣದೆ ಹೋದವರನ್ನು ದಾರಿಯುದ್ದಕ್ಕೂ ನೆನಪಿಟ್ಟಿದ್ದರು!

ಕುಂದಗೋಳದಾಚೆ, ಜೋಳದ ಹೊಲದ ಮರೆಯಲ್ಲಿ ಗಾಡಿ ಸಿಕ್ಕಿತು. ವಿಕ್ರಮನಿಗೆ ಲೈವ್ ಲೊಕೇಶನ್ ಕಳಿಸಿಯೇ ಒಳಗೆ ಕಾಲಿಟ್ಟಿದ್ದೆ...

"ಎಲ್ಲರೆ ಎರಡು ತುತ್ತು ಉಂಡಿದ್ರ ನನಗ ಸಿಗ್ತಿರಲಿಲ್ಲಲೇ!" ಭೀಮೇಶನಿಗೆ ಅಂದೆ. "ಅಷ್ಟ ಯಾಕ ಹೆದರಿದಿ?"

ಸ್ಟೀರಿಂಗ್ ಹಿಡಿದವನು ತಿರುಗಲಿಲ್ಲ.

"ಹೆದರಿಕಿ ಅಲ್ರಿ. ಕುಂಡ್ರಿಸಿ, ನೀಡಾಕ ಬಂದು, ಯಾವ ಮಂದೀಪಾ ಅಂತ ಕೇಳ್ತಾರ. ಜಾತಿ ಹೇಳಿದ ಕೂಡ್ಲೆ ನೀಡೂ ಕೈ ಅಲ್ಲೇ ನಿಲ್ತೈತಿ. ನಾ ಸಣ್ಣಾಂವಿದ್ದಾಗ ನಮ್ಮವ್ವನ ಗಂಗಾಳದಾಗಿನ ರೊಟ್ಟಿ ವಾಪಸ್ ತಗೊಂಡಿದ್ರು. ಇವತ್ತ ಈಕಿ ಮುಂದ ಅದು ಬ್ಯಾಡಾಗಿತ್ತು."

ಮೈತ್ರೇಯಿ ಚಾಕು ಕೆಳಗಿಟ್ಟಳು.

ನಾನು ಮೂರು ಹೊಲದಲ್ಲಿ ಉಂಡು ಬಂದಿದ್ದೆ! ನನ್ನನ್ನು ಯಾರೂ ಕೇಳಿರಲಿಲ್ಲ. ಹಣೆಯ ಮೇಲೆ ವಿಭೂತಿ ಇದ್ದವನನ್ನು ಯಾರು ಕೇಳುತ್ತಾರೆ?

ಫೋನ್ ರಿಂಗಾಯಿತು. ವಿಕ್ರಮ!

"ಅಲ್ಲೇ ತಡೀರಿ. ಹುಡುಗರನ್ನ ಕರಕೊಂಡು ಬರ್ಲಿಕತ್ತೇನಿ. ಇವತ್ತ ಇಬ್ರನ್ನೂ ಬಿಡೂದಿಲ್ಲ!"

ಹಿಂದೆ ಕಬ್ಬಿಣದ ರಾಡುಗಳ ಸದ್ದು. ನಗು.

"ಎಲ್ಲಿಗೆ ಹೊಂಟೀರಿ?" ಕೇಳಿದೆ.

"ಕಲಘಟಗಿಗ್ರಿ. ನಮ್ಮಕ್ಕ ಅಲ್ಲಿ ಪೊಲೀಸ್ ಅದಾಳ," ಭೀಮೇಶ ಅಂದ.

"ಹೋಗ್ರಿ! ಯಾರ್ ಕರದ್ರೂ ನಿಲ್ಲಬ್ಯಾಡ್ರಿ!"

ಕ್ಯಾರಾವಾನ್ ಪಶ್ಚಿಮಕ್ಕೆ ಹೋಯಿತು. ನಾನು ನನ್ನ ಕಾರನ್ನು ಅಣ್ಣಿಗೇರಿ ಕಡೆ ತಿರುಗಿಸಿದೆ. ಲೊಕೇಶನ್ ಆಫ್ ಮಾಡಲಿಲ್ಲ... ಬರಲಿ ಮಕ್ಕಳು!

ಬಂದರು. ಕಪ್ಪು ಸ್ಕಾರ್ಪಿಯೊ ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂತು. ಅಣ್ಣಿಗೇರಿ ಹತ್ತಿರ ಅಡ್ಡ ಹಾಕಿದರು.

"ಎಲ್ಲಿದ್ದಾರ?"

"ಊಟಕ್ಕ ಹೋಗ್ಯಾರ್ರಿ."

ರಾಡು ಬಾಯಿಗೆ ಬಿತ್ತು. ಮತ್ತೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ವಿಕ್ರಮನಿಗೆ ಕಲಘಟಗಿ ಠಾಣೆಯಿಂದ ಫೋನ್ ಬಂತು. ತಂಗಿ ಠಾಣೆ ಮುಟ್ಟಿ, ಅವನ ಮೇಲೇ ಕಂಪ್ಲೇಂಟ್ ಬರೆಸುತ್ತಿದ್ದಳು! ಮುಖ ಸುಟ್ಟ ಬದನೆಕಾಯಿ ಆಯಿತು. ಗಾಡಿ ಹತ್ತಿ ಓಡಿದ.

ನಾನು ರಸ್ತೆ ಬದಿಯಲ್ಲಿ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡೆ. ರಕ್ತದ ಜೊತೆ ಹಣೆಯ ವಿಭೂತಿಯೂ ಹೋಯಿತು.

"ಅಯ್ಯ ಶಿವನ, ಏನಾತೋ ತಮ್ಮಾ!" ಹೊಲದಿಂದ ಮುದುಕಿಯೊಬ್ಬಳು ಓಡಿ ಬಂದಳು. ಕೈಯಲ್ಲಿ ಸಜ್ಜೆರೊಟ್ಟಿ, ಎಣ್ಣೆಗಾಯಿ. "ಮೊದಲ ಎರಡು ತುತ್ತು ಉಣ್ಣು. ಯಾವ ಮಂದೀಪಾ ನೀನು?"

ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ಊರ ಹೊರಗಿನ ಕೇರ್ಯಾಂವ, ಯವ್ವಾ."

ರೊಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. ನಿಧಾನಕ್ಕೆ ಸೆರಗಿನೊಳಗೆ ಹೋಯಿತು.

ಹೋಗಲಿ ಬಿಡಿ... ರೊಟ್ಟಿ ಅಗಿಯಲು ನನಗೆ ಹಲ್ಲೆಲ್ಲಿದ್ದವು!