ವರ್ರಾನ್ ಕಣಿವೆಯ ಮೂರನೇ ಕೈ

ಬಿಳಿ ಪಿಕಪ್ ಮೂರನೆಯ ಸಲ ಹಿಂದಿನಿಂದ ಗುದ್ದಿತು.

ನನ್ನ ವ್ಯಾನು ರಸ್ತೆಯ ಅಂಚಿಗೆ ಜಾರಿತು. ಕೆಳಗೆ ಬಂಡೆ. ಅದರ ಕೆಳಗೆ ವರ್ರಾನ್ ನದಿ.

"ಬ್ರಾಂಕೊ, ಇಲ್ಲಿ ಅರವತ್ತೇ ಸ್ಪೀಡು," ಎಂದರು ಪಕ್ಕದಲ್ಲಿದ್ದ ಎನಿಡ್ ಟ್ರೆಲೋರ್. "ನೀನು ತೊಂಬತ್ತರಲ್ಲಿದ್ದೀಯ."

"ಹಿಂದಿರೋನಿಗೂ ಹೇಳಿ ಮೇಡಂ."

"ಅವನು ನಮ್ಮ ವಾರ್ಡಿನವನಲ್ಲ."

ಎನಿಡ್‌ಗೆ ಎಪ್ಪತ್ತೊಂದು ವರ್ಷ. ಕಾರ್ಡೆಲ್ ಕೌನ್ಸಿಲಿನ ಸದಸ್ಯೆ. ಹಣೆಯಲ್ಲಿ ರಕ್ತ, ಮಡಿಲಲ್ಲಿ ಫೈಲು.

ವಿಷಯ ಇಷ್ಟೇ. ಈ ಕಣಿವೆ ಮೂರು ಕೌನ್ಸಿಲ್‌ಗಳಿಗೆ ಹಂಚಿಹೋಗಿದೆ. ಮೂವತ್ತು ವರ್ಷದ ಹಿಂದೆ ಮೂರೂ ಸೇರಿ ಅದನ್ನು ಉದ್ಯಾನವಾಗಿ ಕಾಪಾಡುವ ಒಪ್ಪಂದ ಮಾಡಿಕೊಂಡವು. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಅದರ ಅವಧಿ ಮುಗಿಯುತ್ತಿತ್ತು. ಮುಂದುವರಿಯಬೇಕಾದರೆ ಮೂವರು ಪ್ರತಿನಿಧಿಗಳೂ ಒಂದೇ ಕೋಣೆಯಲ್ಲಿ ಕೂತು ಕೈ ಎತ್ತಬೇಕು. ಒಂದು ಕೈ ಕಡಿಮೆಯಾದರೂ ಸಿಡ್ನಿಯ ಬಿಲ್ಡರ್ ಹ್ಯಾಡೊ ಬುಲ್ಡೋಜರ್ ಇಳಿಸುತ್ತಾನೆ. ಎಂಟುನೂರು ಮನೆ.

ಇಬ್ಬರು ಸಿದ್ಧರಿದ್ದರು. ಮೂರನೆಯ ಕೈ ಎನಿಡ್ ಅವರದು.

ಹ್ಯಾಡೊನ ಜನ ಅವರ ನಾಯಿಗೆ ವಿಷ ಹಾಕಿದರು. ಪೊಲೀಸರು ಮನೆ ಸುರಕ್ಷತೆಯ ಒಂದು ಕರಪತ್ರ ಕೊಟ್ಟು ಹೋದರು. ಆಮೇಲೆ ಊರಿನವರು ಬಾರ್ ಬಾಗಿಲು ಕಾಯುತ್ತಿದ್ದ ನನ್ನನ್ನು ಹುಡುಕಿಕೊಂಡು ಬಂದರು. ನದಿಯಂಚಿನ ನನ್ನ ಮನೆಯಲ್ಲೇ ಎನಿಡ್ ಅವರನ್ನು ನಾಲ್ಕು ದಿನ ಬಚ್ಚಿಟ್ಟೆ. ಮಂಚ ಬಿಟ್ಟುಕೊಟ್ಟೆ. ಮೀನು ಹಿಡಿದು ಹುರಿದು ಬಡಿಸಿದೆ. ಸಂಜೆಯೆಲ್ಲ ಅವರು ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದರು.

ವ್ಯಾನಿನಲ್ಲಿ ಫೋನ್ ಹೊಡೆದುಕೊಂಡಿತು. ಹ್ಯಾಡೊ.

"ಅಜ್ಜೀನ ಅಲ್ಲೇ ಇಳಿಸಿಬಿಡು ಬ್ರಾಂಕೊ."

"ಆಗಲ್ಲ."

"ಸಾಯ್ತೀಯ."

"ಸಾಲಿನಲ್ಲಿ ನಿಲ್ಲು. ನಿನಗಿಂತ ಮುಂದೆ ತುಂಬ ಜನ ಇದ್ದಾರೆ."

ಸ್ಟಿಯರಿಂಗ್ ಎಡಕ್ಕೆ ಎಳೆದೆ. ಅಗ್ನಿಶಾಮಕದವರ ಮಣ್ಣುದಾರಿ. ಗೇಟು ಮುರಿದು ಹಾರಿತು.

"ಅದು ಕೌನ್ಸಿಲ್ ಆಸ್ತಿ," ಎಂದರು ಎನಿಡ್.

ನೀಲಗಿರಿ ಮರಗಳ ನಡುವೆ ಇಳಿದೆವು. ನದಿ ದಾಟುವ ಜಾಗದಲ್ಲಿ ಗಟ್ಟಿ ನೆಲ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಪಿಕಪ್‌ನವನಿಗೆ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ... ಅವನ ಬಾನೆಟ್ ನೀರೊಳಗಿತ್ತು.

ಅಲ್ಲಿಂದ ಮುಂದೆ ಎನಿಡ್ ತುಟಿ ಬಿಚ್ಚಲಿಲ್ಲ. ಹೆದರಿದ್ದಾರೆ ಅಂದುಕೊಂಡೆ.

ಹನ್ನೊಂದು ಐವತ್ತು. ಸಭಾಂಗಣ. ಮೂವರೂ ಮೇಜಿನ ಸುತ್ತ ಕೂತರು. ನಾನು ಬಾಗಿಲಿಗೆ ಒರಗಿದೆ. ಗೆದ್ದೆವು ಅನ್ನಿಸಿತು.

ಮೂವರಲ್ಲಿ ಒಬ್ಬರಾದ ಅಧ್ಯಕ್ಷೆ ಲಿಯೋನಿ ಪ್ರತಿ ಸಭೆಯಲ್ಲೂ ಕೇಳುವುದನ್ನೇ ಕೇಳಿದರು. "ಈ ವಿಷಯದಲ್ಲಿ ಯಾರಿಗಾದ್ರೂ ಸ್ವಂತ ಹಿತಾಸಕ್ತಿ ಇದೆಯಾ?" ಸಾಮಾನ್ಯವಾಗಿ ಯಾರೂ ಉತ್ತರಿಸುವುದಿಲ್ಲ. ಮುಂದೆ ಹೋಗುತ್ತಾರೆ.

ಎನಿಡ್ ಎದ್ದು ನಿಂತರು.

"ನನಗಿದೆ. ನಾಲ್ಕು ದಿನ ಬ್ರಾಂಕೊ ಮನೇಲಿ ಉಂಡಿದ್ದೀನಿ, ಮಲಗಿದ್ದೀನಿ. ಅವನ ಜಾಗ ಉದ್ಯಾನಕ್ಕೆ ಅಂಟಿಕೊಂಡಿದೆ. ಒಪ್ಪಂದ ಉಳಿದ್ರೆ ಅವನಿಗೆ ಲಾಭ. ಲಾಭ ಆಗೋರ ಮನೇಲಿ ಉಂಡೋರು ಮತ ಹಾಕೋ ಹಾಗಿಲ್ಲ, ಅದು ನಿಯಮ. ಹೊರಗೆ ಹೋಗ್ತೀನಿ."

"ಎನಿಡ್, ಕೂತ್ಕೋ," ಎಂದರು ಲಿಯೋನಿ ಮೆಲ್ಲಗೆ. "ನನಗೆ ಕೇಳಿಸಲಿಲ್ಲ."

"ಹಾಗಾದ್ರೆ ಇನ್ನೊಂದ್ಸಲ ಹೇಳ್ತೀನಿ. ನಡಾವಳಿಯಲ್ಲಿ ಬರೀರಿ."

ಅವರು ಬಾಗಿಲಿಗೆ ಬಂದರು. ನಾನು ಅಡ್ಡ ನಿಂತೆ.

"ಮೇಡಂ, ನದಿ ಹೋಗುತ್ತೆ."

"ಗೊತ್ತು. ಹ್ಯಾಡೊ ಥರದವರು ಕೌನ್ಸಿಲರ್‌ಗಳನ್ನ ರೆಸಾರ್ಟಲ್ಲಿ ಉಣಿಸಿ, ಮಲಗಿಸಿ ಮತ ಹಾಕಿಸ್ಕೋತಿದ್ರು. ಅದಕ್ಕೇ ಜಗಳ ಆಡಿ ಈ ನಿಯಮ ತಂದೋಳು ನಾನು. ಸರಿ, ಪಕ್ಕಕ್ಕೆ."

ಬಾಗಿಲುಗಳಿಂದ ಎಷ್ಟೋ ಜನರನ್ನು ಎತ್ತಿ ಎಸೆದವನು ನಾನು. ಸರಿದು ನಿಂತೆ.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತೆವು. ಕಿಟಕಿಯಾಚೆ ಉಳಿದಿಬ್ಬರು ಪ್ರತಿನಿಧಿಗಳು ಗಡಿಯಾರ ನೋಡುತ್ತಿದ್ದರು.

"ಮೊದಲೇ ಯಾಕೆ ಹೇಳಲಿಲ್ಲ?"

"ನದಿ ದಾಟೋವಾಗ ಹೊಳೀತು." ಅವರು ಫೈಲಿನ ದಾರ ಬಿಗಿದರು. "ನೀನು ಅಷ್ಟು ಕಷ್ಟಪಟ್ಟು ಓಡಿಸ್ತಿದ್ದೆ. ಹೇಳೋಕೆ ಮನಸ್ಸಾಗಲಿಲ್ಲ."

ಒಳಗೆ ಲಿಯೋನಿ ದೀಪ ಆರಿಸಿದರು. ಹನ್ನೆರಡಾಗಿತ್ತು.

ಹ್ಯಾಡೊನ ಗೂಂಡಾಗಳಿಂದ ಆಗದ್ದನ್ನು ನಾನು ನಾಲ್ಕು ದಿನ ಮೀನು ಹುರಿದು ಮಾಡಿ ಮುಗಿಸಿದ್ದೆ.