ಅತ್ತೆಯ ಸಾವಿನ ಬೂಟು

ನಮ್ಮತ್ತೆ ಸಫ್ತಾ ಸಾಯುವುದಕ್ಕೆ ಎಂದೋ ತಯಾರಾಗಿ ಕೂತಿದ್ದಾರೆ. ಓಲ್ಟ್ ನದಿ ದಂಡೆಯ ನಮ್ಮೂರಿನಲ್ಲಿ ಅದೇನೂ ವಿಶೇಷವಲ್ಲ. ಪೆಟ್ಟಿಗೆಯಲ್ಲಿ ಕರಿ ಲಂಗ, ಕೊನೆಯುಸಿರಿನಲ್ಲಿ ಕೈಗೆ ಹಿಡಿಸುವ ಮೇಣದಬತ್ತಿ, ಹೆಣಕ್ಕೆ ತೊಡಿಸಲು ಹೊಸ ಬೂಟು, ಎಲ್ಲ ಸಿದ್ಧ.

ಈಸ್ಟರ್‌ಗೆ ಮುಂಚೆ ಬಿಸಿಲಿಗಿಡೋಣವೆಂದು ತೆರೆದರೆ ಬೂಟಿನ ಅಡಿಯಲ್ಲಿ ಹಸಿ ಮಣ್ಣು. ಮುಟ್ಟಿದರೆ ಬಾವಿಗಲ್ಲಿನಂತೆ ತಣ್ಣಗಿತ್ತು.

"ಇದನ್ನ ಹಾಕ್ಕೊಂಡು ಸಂತೆಗೆ ಹೋಗಿದ್ಯೇನೇ?" ಅತ್ತೆ ರೇಗಿದರು.

"ಅದ್ರಲ್ಲಿ ನನ್ನ ಅರ್ಧ ಪಾದಾನೂ ಹಿಡಿಯಲ್ಲ, ಅತ್ತೆ."

ತೊಳೆದಿಟ್ಟು, ಬೀಗ ಹಾಕಿ, ಕೀಲಿಯನ್ನು ಅವರೇ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನ ಮತ್ತೆ ಮಣ್ಣು, ಜೊತೆಗೆ ಧೂಪದ ವಾಸನೆ.

ಅತ್ತೆ ಹೆದರಲಿಲ್ಲ. "ನಾನು ಪಾದ್ರಿ ಹತ್ರ ಪಾಪ ಒಪ್ಕೊಂಡಿದೀನಿ, ಪರಮಪ್ರಸಾದ ತಗೊಂಡಿದೀನಿ. ಬೂಟಿಗೇ ಅವಸರ ಆದ್ರೆ ನಾನೇನ್ ಮಾಡ್ಲಿ? ನಿನ್ನ ಗತಿ ನೋಡ್ಕೊ. ಒಂದು ಮೇಣದಬತ್ತೀನೂ ತೆಗೆದಿಟ್ಟಿಲ್ಲ."

"ನನಗಿನ್ನೂ ವಯಸ್ಸಿದೆ" ಎಂದು ನಕ್ಕೆ.

ಇವತ್ತು ಬೀಗ ತೆಗೆದಾಗ ಅತ್ತೆಯ ಬೂಟು ಒಣಗಿ ಶುಭ್ರವಾಗಿತ್ತು. ಪಕ್ಕದಲ್ಲಿ ಇನ್ನೊಂದು ಜೊತೆ, ಅದರಡಿ ಹಸಿ ಮಣ್ಣು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಒಳ್ಳೇ ಚರ್ಮ. ಹಾಕಿ ನೋಡು."

ಹಾಕಿ ನೋಡಿದೆ. ಅಳತೆ ಕೊಟ್ಟು ಹೊಲಿಸಿದಂತಿತ್ತು. ಈಗಷ್ಟೇ ಯಾರೋ ಕಳಚಿಟ್ಟ ಹಾಗೆ, ಒಳಗೆ ಬೆಚ್ಚಗಿತ್ತು.